ಬೆಲ್ಲ ಬೆವರುವ ಊರು, ಸಕ್ಕರೆ ಕಲ್ಲಾಗುವ ಊರು

ಬ್ರೌನ್ ಶುಗರ್ ತಂದ ದಿನ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಒದ್ದೆ ಮರಳಿನಂತೆ ಉಂಡೆ ಕಟ್ಟುತ್ತದೆ. ಅರ್ಧ ಪೊಟ್ಟಣ ಕೇಕಿಗೆ ಸುರಿದು, ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಕಪಾಟಿನಲ್ಲಿಟ್ಟು, ಎರಡು ತಿಂಗಳು ಬಿಟ್ಟು ತೆಗೆದರೆ ಚಮಚ ಬಾಗುತ್ತದೆಯೇ ಹೊರತು ಸಕ್ಕರೆ ಕದಲುವುದಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡುವವರ ದೂರು ಇದು. ಚಳಿಗಾಲವಿಡೀ ಹೀಟರ್ ಉರಿಸುವ ಚಿಕಾಗೊ, ಟೊರಾಂಟೊ ಕಡೆಯ ಕನ್ನಡಿಗರದೂ ಇದೇ ದೂರು. ಮಂಗಳೂರು, ಉಡುಪಿ, ಶಿರಸಿಯ ಮನೆಗಳದು ಇದಕ್ಕೆ ನೇರ ವಿರುದ್ಧ. ಜೂನ್ ಕಳೆಯುವಷ್ಟರಲ್ಲಿ ಅಲ್ಲಿ ಬೆಲ್ಲದ ಅಚ್ಚು ಬೆವರಿ, ಡಬ್ಬದ ತಳದಲ್ಲಿ ಕಪ್ಪು ಪಾಕ ನಿಲ್ಲುತ್ತದೆ. ಎತ್ತಲು ಹೋದರೆ ಅಚ್ಚು ಬೆರಳಿಗೆ ಅಂಟಿಕೊಂಡು ಕುಸಿಯುತ್ತದೆ.

ಒಂದು ಕಡೆ ಕಲ್ಲು, ಇನ್ನೊಂದು ಕಡೆ ನೀರು. ಎರಡೂ ಒಂದೇ ಕಾರಣಕ್ಕೆ ಆಗುವ ತೊಂದರೆ ಎಂದು ತಿಳಿದರೆ ಅರ್ಧ ಪರಿಹಾರ ಸಿಕ್ಕಿದಂತೆ. ಸಕ್ಕರೆಯೂ ಬೆಲ್ಲವೂ ತಾವಾಗಿ ಕೆಡುವ ಪದಾರ್ಥಗಳಲ್ಲ. ಅವುಗಳೊಳಗಿನ ಚೂರು ನೀರು ಹೊರಗೆ ಹೋಗುತ್ತದೆ, ಇಲ್ಲವೇ ಹೊರಗಿನ ನೀರು ಒಳಗೆ ಬರುತ್ತದೆ. ಯಾವ ದಿಕ್ಕಿಗೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಅಡುಗೆಮನೆಯ ಗಾಳಿ. ಇದನ್ನು ಕೇಳಿಕೊಳ್ಳದೆ ಯಾರೋ ಯಾವುದೋ ದೇಶದಲ್ಲಿ ಹೇಳಿದ ಉಪಾಯವನ್ನು ನಮ್ಮ ಡಬ್ಬಕ್ಕೆ ಇಳಿಸುವುದರಿಂದಲೇ ಎಷ್ಟೋ ಒಳ್ಳೆಯ ಸಕ್ಕರೆ, ಒಳ್ಳೆಯ ಬೆಲ್ಲ ಕಸದ ಬುಟ್ಟಿ ಸೇರುತ್ತಿದೆ.

ಮೊದಲು ಈ ಕಂದು ಸಕ್ಕರೆ ಏನೆಂದು ನೋಡೋಣ. ಅದಕ್ಕೆ ಮಂಡ್ಯಕ್ಕೆ ಹೋದರೆ ಸಾಕು. ಅಲ್ಲಿ ಕಬ್ಬಿಗೆ ಎರಡು ದಾರಿಗಳಿವೆ. ಒಂದು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಂಥ ಕಾರ್ಖಾನೆಯ ದಾರಿ. ಇನ್ನೊಂದು, ಅದಕ್ಕಿಂತ ಎಷ್ಟೋ ಹಳೆಯದಾದ ಆಲೆಮನೆಯ ದಾರಿ. ಕಾರ್ಖಾನೆಯಲ್ಲಿ ರಸವನ್ನು ಕುದಿಸಿ ಹರಳು ಕಟ್ಟಿಸುತ್ತಾರೆ, ಗಿರಗಿರನೆ ತಿರುಗುವ ಯಂತ್ರದಲ್ಲಿ ಹಾಕಿ ಹರಳನ್ನೂ ಅದಕ್ಕೆ ಅಂಟಿದ ಕಪ್ಪು ದ್ರವವನ್ನೂ ಬೇರೆ ಮಾಡುತ್ತಾರೆ. ಆ ಕಪ್ಪು ದ್ರವವೇ ಕಾಕಂಬಿ. ಆಲೆಮನೆಯಲ್ಲಿ ಈ ಬೇರ್ಪಡಿಸುವ ಕೆಲಸವೇ ಇಲ್ಲ. ಕೊಪ್ಪರಿಗೆಯಲ್ಲಿ ಕುದಿದ ರಸದ ಕೆನೆ, ಕಸರು ತೆಗೆದರೆ ಉಳಿದದ್ದೆಲ್ಲ ಬೆಲ್ಲವಾಗಿ ಅಚ್ಚಿಗೆ ಹೋಗುತ್ತದೆ. ಮೆತ್ತನೆಯ ಬ್ರೌನ್ ಶುಗರ್ ಇವೆರಡರ ನಡುವಿನದು. ಹೆಚ್ಚಿನ ಕಂಪನಿಗಳು ಮಾಡುವುದೇನೆಂದರೆ, ಶುದ್ಧೀಕರಿಸಿದ ಬಿಳಿ ಸಕ್ಕರೆಗೆ ಕಾಕಂಬಿಯನ್ನು ಮತ್ತೆ ಸವರುವುದು. ತಿಳಿ ಬಣ್ಣದ್ದರಲ್ಲಿ ಕಾಕಂಬಿ ಸುಮಾರು ಶೇ 3.5, ಗಾಢ ಬಣ್ಣದ್ದರಲ್ಲಿ ಸುಮಾರು ಶೇ 6.5. ಅಂದರೆ ನೂರು ಗ್ರಾಮಿನಲ್ಲಿ ತೊಂಬತ್ತಮೂರಕ್ಕೂ ಹೆಚ್ಚು ಗ್ರಾಂ ಅದೇ ಬಿಳಿ ಸಕ್ಕರೆ. ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿ ದುಪ್ಪಟ್ಟು ಬೆಲೆ ಕೊಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ರುಚಿಗೆ, ಮೆತ್ತನೆಯ ಬಿಸ್ಕತ್ತಿಗೆ ಅದು ಬೇಕು, ನಿಜ. ಆರೋಗ್ಯದ ಮಾತು ಅದಕ್ಕೆ ಸಲ್ಲದು.

ನಮ್ಮ ಅಂಗಡಿಗಳಲ್ಲಿ ಬ್ರೌನ್ ಶುಗರ್ ಎಂದು ಸಿಗುವುದೆಲ್ಲ ಈ ಬಗೆಯದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ದಪ್ಪ ಹರಳಿನ, ಹೊಂಬಣ್ಣದ, ಕೈಗೆ ಒಣಗಿದಂತೆ ತಾಗುವ ಡೆಮೆರಾರ ಸಕ್ಕರೆಯೂ ಅದೇ ಕಪಾಟಿನಲ್ಲಿರುತ್ತದೆ. ದಕ್ಷಿಣ ಅಮೆರಿಕದ ಗಯಾನಾದ ಒಂದು ಸೀಮೆಯಿಂದ ಆ ಹೆಸರು ಬಂದಿದೆ. ಅದರ ಹರಳಿನ ಮೇಲಿನ ಪದರ ತೆಳು, ಮೊದಲಿನಿಂದಲೂ ಒಣಗಿರುವಂಥದು. ಹಾಗಾಗಿ ಅದು ಮೆತ್ತಗೂ ಇರುವುದಿಲ್ಲ, ಅಷ್ಟು ಸುಲಭವಾಗಿ ಕಲ್ಲೂ ಆಗುವುದಿಲ್ಲ. ಮುಂದೆ ಹೇಳುವ ಉಪಾಯಗಳು ಮುಟ್ಟಿದರೆ ಜಿಗುಟಾಗುವ ಸಕ್ಕರೆಗೆ ಮಾತ್ರ.

ಕಾಕಂಬಿಯ ಆ ತೆಳು ಪದರದಲ್ಲೇ ಎಲ್ಲ ಗುಟ್ಟೂ ಇದೆ. ಬಿಳಿ ಸಕ್ಕರೆ ಎಂದರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್. ಕಾಕಂಬಿಯಲ್ಲಿ, ಬೆಲ್ಲದಲ್ಲಿ ಸುಕ್ರೋಸಿನ ಜೊತೆಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಸುಕ್ರೋಸ್ ಒಡೆದಾಗ ಹುಟ್ಟುವ ಸರಳ ಸಕ್ಕರೆಗಳು ಇವು. ಇವುಗಳಿಗೆ, ಅದರಲ್ಲೂ ಫ್ರಕ್ಟೋಸಿಗೆ, ನೀರಿನ ಮೇಲೆ ಬಹಳ ಆಸೆ. ಗಾಳಿಯ ತೇವಾಂಶ ಸುಮಾರು ಶೇ 85 ದಾಟುವವರೆಗೆ ಶುದ್ಧ ಸುಕ್ರೋಸಿನ ಹರಳು ನೀರನ್ನು ಎಳೆದುಕೊಳ್ಳುವುದಿಲ್ಲ. ಫ್ರಕ್ಟೋಸ್ ಮಾತ್ರ ಶೇ 60ರ ಆಸುಪಾಸಿನಲ್ಲೇ ಎಳೆಯಲು ಶುರುಮಾಡುತ್ತದೆ. ಸಕ್ಕರೆಗಳು ಬೆರೆತಾಗ ಆ ಗೆರೆ ಇನ್ನೂ ಕೆಳಗಿಳಿಯುತ್ತದೆ. ಬಿಳಿ ಸಕ್ಕರೆಯ ಡಬ್ಬದ ಮುಚ್ಚಳ ಸಡಿಲವಿದ್ದರೂ ವರ್ಷದ ಹೆಚ್ಚಿನ ದಿನ ನಡೆಯುತ್ತದೆ, ಬೆಲ್ಲದ ಡಬ್ಬ ನಾಲ್ಕೇ ದಿನದಲ್ಲಿ ಜಿನುಗುತ್ತದೆ ಎಂಬ ವ್ಯತ್ಯಾಸಕ್ಕೆ ಕಾರಣ ಇದೇ.

ಈಗ ನಮ್ಮ ಊರುಗಳ ಗಾಳಿ ನೋಡಿ. ಕರಾವಳಿಯಲ್ಲಿ ಮಳೆಗಾಲವಿಡೀ ತೇವಾಂಶ ಶೇ 85ಕ್ಕಿಂತ ಮೇಲೇ ಇರುತ್ತದೆ. ಅಲ್ಲಿ ಬೆಲ್ಲ ಬೆವರದೆ ಇರಲು ಸಾಧ್ಯವೇ ಇಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರಿನಲ್ಲಿ, ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ ಅದು ಶೇ 30ಕ್ಕೂ ಕೆಳಗೆ ಇಳಿಯುತ್ತದೆ. ಹಿಮ ಬೀಳುವ ದೇಶದಲ್ಲಿ ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ಎಳೆದು ಕಾಯಿಸುವುದರಿಂದ ಮನೆಯೊಳಗಿನ ಗಾಳಿ ಇದಕ್ಕಿಂತಲೂ ಒಣಗುತ್ತದೆ. ಊರಿನಿಂದ ಹೊತ್ತುಕೊಂಡು ಹೋದ ಮೆತ್ತನೆಯ ಬೆಲ್ಲ ಅಲ್ಲಿ ಒಂದು ಚಳಿಗಾಲ ಕಳೆದರೆ ಕುಟ್ಟಾಣಿಗೂ ಜಗ್ಗುವುದಿಲ್ಲ.

ಗಟ್ಟಿಯಾಗುವ ಬಗೆ ಹೀಗೆ. ಪ್ರತಿ ಹರಳಿನ ಸುತ್ತಲೂ ಪಾಕದ ತೆಳು ಪೊರೆ ಇದೆ. ಆ ಪಾಕದಲ್ಲಿ ಸುಕ್ರೋಸ್ ಕರಗಿ ನಿಂತಿದೆ. ಪೊರೆ ಒದ್ದೆಯಾಗಿರುವವರೆಗೆ ಹರಳು ಹರಳಿನ ಮೇಲೆ ಜಾರುತ್ತದೆ, ಸಕ್ಕರೆ ಮೆತ್ತಗಿರುತ್ತದೆ. ಒಣ ಗಾಳಿ ತಾಗಿ ನೀರು ಆರಿತೆಂದರೆ ಕರಗಿದ್ದ ಸುಕ್ರೋಸ್ ಮತ್ತೆ ಹರಳಾಗಲೇಬೇಕು. ಅದು ಹರಳಾಗುವುದು ಎರಡು ಹಳೆಯ ಹರಳುಗಳ ನಡುವಿನ ಸಂದಿಯಲ್ಲಿ. ಹೀಗೆ ಅಕ್ಕಪಕ್ಕದ ಹರಳುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಪೊಟ್ಟಣಕ್ಕೆ ಪೊಟ್ಟಣವೇ ಒಂದು ಗಟ್ಟಿಯಾಗುತ್ತದೆ. ಹೋದದ್ದು ನೀರು ಮಾತ್ರ, ಅದೂ ತೀರ ಸ್ವಲ್ಪ. ರುಚಿ, ಬಣ್ಣ, ಸಿಹಿ ಯಾವುದೂ ಹೋಗಿಲ್ಲ. ಆದ್ದರಿಂದ ಕಲ್ಲಾದ ಬ್ರೌನ್ ಶುಗರನ್ನು ಎಸೆಯುವವರು ಕೆಡದ ವಸ್ತುವನ್ನು ಎಸೆಯುತ್ತಿದ್ದಾರೆ. ಹೋದ ನೀರನ್ನು ಮರಳಿಸಿದರೆ ಸಕ್ಕರೆ ಮೊದಲಿನಂತಾಗುತ್ತದೆ.

ಅಮೆರಿಕದ ಅಡುಗೆಮನೆಗಳಲ್ಲಿ ಇದಕ್ಕೆ ಹಳೆಯ ಉಪಾಯಗಳಿವೆ. ಗಟ್ಟಿಯಾದ ಸಕ್ಕರೆಯನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಒಂದು ಹೋಳು ಬ್ರೆಡ್ಡೋ ಸೇಬಿನ ತುಂಡೋ ಇಟ್ಟು ಒಂದೆರಡು ದಿನ ಬಿಡುತ್ತಾರೆ. ಬ್ರೆಡ್ಡಿನ ತೇವ ಡಬ್ಬದೊಳಗಿನ ಗಾಳಿಗೆ ಬಂದು, ಅಲ್ಲಿಂದ ಸಕ್ಕರೆಗೆ ಇಳಿಯುತ್ತದೆ. ಬ್ರೆಡ್ ಒಣಗಿ ರಸ್ಕಾಗುತ್ತದೆ, ಸಕ್ಕರೆ ಮೆತ್ತಗಾಗುತ್ತದೆ. ಇನ್ನೂ ಅಚ್ಚುಕಟ್ಟಾದದ್ದು ಮಣ್ಣಿನ ಬಿಲ್ಲೆ. ಮೆರುಗು ಹಚ್ಚದೆ ಸುಟ್ಟ ಸಣ್ಣ ಬಿಲ್ಲೆಯನ್ನು ಕಾಲು ಗಂಟೆ ನೀರಲ್ಲಿ ನೆನೆಹಾಕಿ, ಮೇಲಿನ ನೀರು ಒರೆಸಿ ಸಕ್ಕರೆ ಡಬ್ಬದಲ್ಲಿಡುವುದು. ನೂರಾರು ರೂಪಾಯಿ ಕೊಟ್ಟು ಇದನ್ನು ತರಿಸಿಕೊಳ್ಳುವ ಅಗತ್ಯ ನಮಗೆ ಇಲ್ಲ. ದೀಪಾವಳಿಗೆ ತಂದ ಹಣತೆಯಲ್ಲಿ ಎಣ್ಣೆ ಕಾಣದ, ಬಣ್ಣ ಬಳಿಯದ ಹೊಸದೊಂದು ಉಳಿದಿದ್ದರೆ ಅದೇ ಸಾಕು. ಚೆನ್ನಾಗಿ ತೊಳೆದು, ನೆನೆಸಿ, ಒರೆಸಿ ಇಡಿ. ತೇವ ಆರಿದಾಗ ಮತ್ತೆ ನೆನೆಸಿದರಾಯಿತು.

ಆದರೆ ಈ ಉಪಾಯ ಒಣ ಊರಿನದು, ಒಣ ಋತುವಿನದು ಎಂಬುದನ್ನು ಮರೆಯಬಾರದು. ಜುಲೈ ತಿಂಗಳಲ್ಲಿ ಉಡುಪಿಯಲ್ಲಿ ಸಕ್ಕರೆ ಡಬ್ಬಕ್ಕೆ ಬ್ರೆಡ್ ಇಟ್ಟರೆ ಎರಡೇ ದಿನದಲ್ಲಿ ಅದಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಬೀಜ ಸಕ್ಕರೆಗೂ ಉದುರುತ್ತದೆ. ಬೆಂಗಳೂರಿನಲ್ಲೂ ಮಳೆ ಹಿಡಿದ ಆಗಸ್ಟ್‌ನಲ್ಲಿ ಬ್ರೆಡ್, ಸೇಬು ಬೇಡ. ಅಂಥ ದಿನಗಳಲ್ಲಿ ಸಕ್ಕರೆಗೆ ಬೇಕಾಗಿರುವುದು ಬಿಗಿಯಾದ ಮುಚ್ಚಳ ಮಾತ್ರ.

ತುರ್ತಿಗೆ ಬೇಕಾದರೆ ಮೈಕ್ರೋವೇವ್ ಇದೆ. ಬಟ್ಟಲಿನಲ್ಲಿ ಗಟ್ಟಿ ಸಕ್ಕರೆ ಹಾಕಿ, ಹಿಂಡಿದ ಒದ್ದೆ ಬಟ್ಟೆಯನ್ನು ಮುಚ್ಚಿ, ಇಪ್ಪತ್ತು ಮೂವತ್ತು ಸೆಕೆಂಡಿಗೊಮ್ಮೆ ತೆಗೆದು ಫೋರ್ಕಿನಿಂದ ಕೆದಕುತ್ತಾ ಬನ್ನಿ. ಹೆಚ್ಚು ಹೊತ್ತು ಬಿಟ್ಟರೆ ಸಕ್ಕರೆ ಕರಗಿ ಪಾಕವಾಗುತ್ತದೆ. ಹೀಗೆ ಸಡಿಲಾದದ್ದನ್ನು ಆಗಲೇ ಬಳಸಬೇಕು, ಆರಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಇಡುವುದಕ್ಕೆ ಇದು ದಾರಿಯಲ್ಲ.

ಇಡುವ ಪಾತ್ರೆಯ ವಿಷಯದಲ್ಲಿ ಒಂದು ಸಣ್ಣ ಸೂಕ್ಷ್ಮವಿದೆ. ಡಬ್ಬ ದೊಡ್ಡದಿದ್ದು ಸಕ್ಕರೆ ತಳದಲ್ಲಿ ಸ್ವಲ್ಪವೇ ಇದ್ದರೆ, ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಖಾಲಿ ಜಾಗದ ಗಾಳಿಯೇ ಕೆಲಸ ಕೆಡಿಸುತ್ತದೆ. ಪ್ರತಿ ಸಲ ತೆರೆದಾಗಲೂ ಹೊಸ ಗಾಳಿ ತುಂಬಿಕೊಳ್ಳುತ್ತದೆ. ಸಕ್ಕರೆ ಕಡಿಮೆಯಾದಂತೆ ಸಣ್ಣ ಡಬ್ಬಕ್ಕೆ ಬದಲಿಸಿ, ಇಲ್ಲವೇ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿಯನ್ನು ಒತ್ತಿ ಹೊರಗೆ ತೆಗೆದು, ಆ ಚೀಲವನ್ನು ಡಬ್ಬದೊಳಗಿಡಿ. ತೆರೆದ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬಾರದು. ಈಗಿನ ಫ್ರಾಸ್ಟ್ ಫ್ರೀ ಫ್ರಿಜ್ಜುಗಳ ಒಳಗಿನ ಗಾಳಿ ತಣ್ಣಗಿರುವಷ್ಟೇ ಒಣಗಿರುತ್ತದೆ.

ವರ್ಷಕ್ಕೆ ಎರಡು ಸಲ ಕೇಕ್ ಮಾಡುವ ಮನೆಗೆ ನಾನು ಹೇಳುವುದು ಬೇರೆ. ಬ್ರೌನ್ ಶುಗರ್ ಇಡುವ ಗೋಜೇ ಬೇಡ. 200 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿಬೆಲ್ಲ, ಅಂದರೆ ಪಾಕದಂತಿರುವ ನೀರುಬೆಲ್ಲ, ಹಾಕಿ, ಬಣ್ಣ ಒಂದೇ ಸಮ ಆಗುವವರೆಗೆ ಬೆರಳಲ್ಲಿ ತಿಕ್ಕಿ. ಕಾಕಂಬಿಯ ಸ್ವಲ್ಪ ಕಹಿ ಮಿಶ್ರಿತ ಘಾಟು ಇದಕ್ಕೆ ಬರುವುದಿಲ್ಲ, ಕಬ್ಬಿನ ಹಾಲಿನ ಪರಿಮಳ ಬರುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ಬೇಕಾದಾಗ ಬೇಕಾದಷ್ಟು ಕಲಸಿಕೊಂಡರೆ ಗಟ್ಟಿಯಾಗುವ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಬೆಲ್ಲ. ಬೆಲ್ಲ ಎಷ್ಟು ದಿನ ಬಾಳುತ್ತದೆ ಎಂಬುದು ನಮ್ಮ ಡಬ್ಬಕ್ಕಿಂತ ಮೊದಲೇ, ಆಲೆಮನೆಯ ಕೊಪ್ಪರಿಗೆಯಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಅದಕ್ಕೂ ಹಿಂದೆ ಹೋದರೆ ಗದ್ದೆಯಲ್ಲಿ. ಕಡಿದ ಕಬ್ಬನ್ನು ಅಂದೇ, ತಪ್ಪಿದರೆ ಮರುದಿನ ಗಾಣಕ್ಕೆ ಕೊಡಬೇಕು. ನಾಲ್ಕು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನಲ್ಲಿ ಸುಕ್ರೋಸ್ ಒಡೆದು ಆ ನೀರೆಳೆಯುವ ಸರಳ ಸಕ್ಕರೆಗಳು ಹೆಚ್ಚುತ್ತವೆ. ಗಾಳಿಮಳೆಗೆ ಮಲಗಿದ ಕಬ್ಬು, ಬಲಿಯದ ಕಬ್ಬು, ಹದ ಮೀರಿ ನಿಂತ ಕಬ್ಬು, ಎಲ್ಲದರ ಕಥೆಯೂ ಇದೇ. ಚೌಳು ಜಮೀನಿನ ಕಬ್ಬಿನ ಬೆಲ್ಲದಲ್ಲಿ ಉಪ್ಪಿನ ಅಂಶ ಸೇರಿ ಅದು ಇನ್ನೂ ಬೇಗ ಜಿನುಗುತ್ತದೆ, ನಾಲಿಗೆಗೂ ಗೊತ್ತಾಗುತ್ತದೆ. ಮಂಡ್ಯದ ರೈತರು ಬೆಲ್ಲಕ್ಕೆಂದು ಕೋ 62175 ತಳಿಯನ್ನು ವರ್ಷಗಳ ಕಾಲ ಬೆಳೆದದ್ದರ ಹಿಂದೆ ಇಳುವರಿ ಒಂದೇ ಅಲ್ಲ, ಬೆಲ್ಲ ಹೇಗೆ ಕೂರುತ್ತದೆ ಎಂಬ ಅನುಭವವೂ ಇದೆ.

ರಸ ಕಾಯುವಾಗ ಹಾಕುವ ಚಿಟಿಕೆ ಸುಣ್ಣಕ್ಕೂ ಇಲ್ಲಿ ಪಾತ್ರವಿದೆ. ಕಬ್ಬಿನ ರಸ ಸ್ವಲ್ಪ ಹುಳಿ. ಹುಳಿಯಲ್ಲಿ ಕುದಿದರೆ ಸುಕ್ರೋಸ್ ಒಡೆಯುತ್ತದೆ. ಸುಣ್ಣ ಆ ಹುಳಿಯನ್ನು ಮುರಿಯುತ್ತದೆ, ಕಸರು ಮೇಲೆ ಬರಲೂ ಸಹಾಯ ಮಾಡುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಆ ಕಸರನ್ನು ಕೆನೆಯಾಗಿ ಹಿಡಿದು ಮೇಲಕ್ಕೆ ತರುತ್ತದೆ. ಸುಣ್ಣ ಕಡಿಮೆಯಾದರೆ ಬೆಲ್ಲ ಕೂರುವುದಿಲ್ಲ, ಹೆಚ್ಚಾದರೆ ಕಪ್ಪಾಗುತ್ತದೆ. ಇದನ್ನು ಕಣ್ಣಂದಾಜಿನಲ್ಲಿ ಹಾಕಬಲ್ಲವನೇ ಆಲೆಮನೆಯ ನಿಜವಾದ ಆಸ್ತಿ.

ಆಮೇಲೆ ಹದ. ಗಟ್ಟಿ ಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು, ಜೋನಿಬೆಲ್ಲಕ್ಕೆ 105, 106 ಡಿಗ್ರಿಯಲ್ಲೇ ಇಳಿಸಬೇಕು. ಈ ಹನ್ನೆರಡು ಡಿಗ್ರಿಯ ನಡುವೆ ಇರುವುದು ನೀರಿನ ವ್ಯತ್ಯಾಸ. ಪಾಕ ಬಿಸಿಯಾದಷ್ಟೂ ಅದರಲ್ಲಿ ಉಳಿದ ನೀರು ಕಡಿಮೆ. ಥರ್ಮಾಮೀಟರ್ ಇಲ್ಲದೆ ಇದನ್ನು ಹಿಡಿಯುವ ಕ್ರಮ ಎಲ್ಲರಿಗೂ ಗೊತ್ತಿರುವಂಥದೇ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾರೆ, ಅದನ್ನು ಪಾತ್ರೆಯ ಅಂಚಿಗೆ ಹೊಡೆದರೆ ಟಣ್ ಎಂದು ಸದ್ದು ಬರಬೇಕು. ಸದ್ದು ಬರುವ ಮೊದಲೇ ಒಲೆಯಿಂದ ಇಳಿಸಿದ ಬೆಲ್ಲ ನೋಡಲು ಚೆನ್ನಾಗಿರಬಹುದು, ಮಳೆಗಾಲ ದಾಟುವುದಿಲ್ಲ. ನಮ್ಮ ದೇಶದ ಆಹಾರ ನಿಯಮವೂ ಗಟ್ಟಿ ಬೆಲ್ಲದಲ್ಲಿ ತೇವಾಂಶ ಶೇ 10 ಮೀರಬಾರದೆಂದು ಹೇಳುತ್ತದೆ. ಬಾಳಿಕೆ ಬರಬೇಕಾದರೆ ಇದರ ಅರ್ಧಕ್ಕೆ ಇಳಿದಿದ್ದರೆ ಒಳ್ಳೆಯದು.

ನಮ್ಮ ಹಿರಿಯರು ಬೆಲ್ಲವನ್ನು ಇಡುತ್ತಿದ್ದ ಜಾಗವನ್ನು ನೆನೆದರೆ ಅವರ ಲೆಕ್ಕ ಅರ್ಥವಾಗುತ್ತದೆ. ಮಲೆನಾಡಿನಲ್ಲಿ ಒಲೆಯ ನೇರಕ್ಕೆ ಮೇಲಿರುವ ಅಟ್ಟ. ಅಡಿಯಲ್ಲಿ ದಿನವಿಡೀ ಬೆಂಕಿ, ಮೇಲೆ ಬೆಚ್ಚಗಿನ ಹೊಗೆ. ಹೊರಗೆ ಮಳೆ ಎಷ್ಟೇ ಹೊಯ್ಯಲಿ, ಬಿಸಿಯಾದ ಗಾಳಿಯ ತೇವಾಂಶದ ಪ್ರಮಾಣ ಇಳಿಯುತ್ತದೆ, ಹಾಗಾಗಿ ಆ ಒಂದು ಮೂಲೆ ಒಣಗಿರುತ್ತಿತ್ತು. ಬಯಲುಸೀಮೆಯಲ್ಲಿ ದೊಡ್ಡ ಪೆಂಟೆಗಳನ್ನು ಹಾಗೆಯೇ ಇಟ್ಟು, ಬೇಕಾದಷ್ಟು ಒಡೆದುಕೊಳ್ಳುತ್ತಿದ್ದರು. ಅದರಲ್ಲೂ ಜಾಣತನವಿದೆ. ದೊಡ್ಡ ಪೆಂಟೆಗೆ ಗಾಳಿ ತಾಗುವುದು ಹೊರಮೈಗೆ ಮಾತ್ರ, ಒಳಗಿನದು ಭದ್ರ. ಅದೇ ತೂಕದ ಬೆಲ್ಲವನ್ನು ಪುಡಿ ಮಾಡಿಟ್ಟರೆ ಕಣಕಣಕ್ಕೂ ಗಾಳಿ ತಾಗುತ್ತದೆ. ಈಗ ಪೊಟ್ಟಣದಲ್ಲಿ ಬರುವ ಬೆಲ್ಲದ ಪುಡಿಯನ್ನು ತುಂಬ ಒಣಗಿಸಿರುತ್ತಾರೆ, ಪೊಟ್ಟಣ ಒಡೆಯುವವರೆಗೆ ಅದು ಉದುರುದುರಾಗಿ ಇರುತ್ತದೆ. ಒಡೆದ ಮೇಲೆ ಗಾಜಿನ ಭರಣಿಗೆ ಹೋಗದಿದ್ದರೆ ಮೊದಲು ಹೆಂಟೆ ಕಟ್ಟುವುದು ಅದೇ.

ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ಹೋಯಿತು. ಗ್ಯಾಸ್ ಉರಿದಾಗ ಶಾಖದ ಜೊತೆ ನೀರಿನ ಆವಿಯೂ ಹುಟ್ಟುತ್ತದೆ, ಕುಕ್ಕರಿನ ಆವಿ ಬೇರೆ. ಆದ್ದರಿಂದ ಒಲೆಯ ಪಕ್ಕದ ಕಪಾಟು ಈಗ ಬೆಲ್ಲಕ್ಕೆ ಅತಿ ಕೆಟ್ಟ ಜಾಗ. ಒಲೆಯಿಂದ ದೂರ, ಹೊರಗೋಡೆಗೆ ತಾಗದ ಕಪಾಟಿನಲ್ಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಅಥವಾ ಗಾಜಿನ ಭರಣಿಯಲ್ಲಿಡಿ. ಡಬ್ಬವನ್ನು ತೊಳೆದ ಮೇಲೆ ಒಂದು ದಿನ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ ತುಂಬಿ. ದಿನಬಳಕೆಗೆ ವಾರಕ್ಕಾಗುವಷ್ಟು ಸಣ್ಣ ಡಬ್ಬದಲ್ಲಿ ಇರಲಿ, ಉಳಿದದ್ದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೊಡ್ಡ ಡಬ್ಬದಲ್ಲಿಡಿ, ಮಳೆಗಾಲದಲ್ಲಿ ಅದನ್ನು ಪದೇಪದೇ ತೆರೆಯಬೇಡಿ. ಅಂಗಡಿಯವರು ಸುತ್ತಿಕೊಟ್ಟ ಹಳೆಯ ಪತ್ರಿಕೆಯಲ್ಲೇ ಬೆಲ್ಲ ಇಡುವ ರೂಢಿ ಬಿಡಬೇಕು. ಬೆವರಿದ ಬೆಲ್ಲ ಶಾಯಿಯನ್ನು ಹೀರಿಕೊಳ್ಳುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೇ ನಿಷೇಧಿಸಿವೆ.

ಕರಾವಳಿಯವರಿಗೆ ಫ್ರಿಜ್ ಒಳ್ಳೆಯ ಅಟ್ಟವೇ ಸರಿ, ಒಂದು ಎಚ್ಚರಿಕೆಯ ಜೊತೆಗೆ. ಗಾಳಿಯಾಡದ ಡಬ್ಬದಲ್ಲಿ ಹಾಕಿ ಇಡಬೇಕು. ಹೊರತೆಗೆದ ಕೂಡಲೇ ಮುಚ್ಚಳ ತೆರೆದರೆ ತಣ್ಣಗಿನ ಬೆಲ್ಲದ ಮೈಮೇಲೆ ಹೊರಗಿನ ಗಾಳಿಯ ನೀರೆಲ್ಲ ಇಬ್ಬನಿಯಾಗಿ ಇಳಿಯುತ್ತದೆ. ಡಬ್ಬ ಹೊರಗಿನ ಬಿಸಿಗೆ ಬರುವವರೆಗೆ ಕಾದು ಆಮೇಲೆ ತೆರೆಯಿರಿ. ಇಷ್ಟು ಕಾಯುವ ವ್ಯವಧಾನ ದಿನವೂ ಇರುವುದಿಲ್ಲ. ಹಾಗಾಗಿ ಫ್ರಿಜ್ ಇರಬೇಕಾದದ್ದು ತಿಂಗಳ ದಾಸ್ತಾನಿಗೆ, ಸಾರಿಗೆ ಹಾಕುವ ತುಂಡಿಗಲ್ಲ.

ಬೆಲ್ಲ ಆಗಲೇ ಬೆವರಿದ್ದರೆ? ಮೂಸಿ ನೋಡಿ. ಸಿಹಿ ವಾಸನೆಯೇ ಇದ್ದರೆ ಹೆದರಬೇಕಾಗಿಲ್ಲ. ನೀರು ಹಾಕಿ ಕರಗಿಸಿ, ಸೋಸಿ, ಗಟ್ಟಿ ಪಾಕ ಕಾಯಿಸಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಪಾಯಸ, ಸಾರು, ಗೊಜ್ಜು ಎಲ್ಲಕ್ಕೂ ಆಗುತ್ತದೆ. ಹೇಗಿದ್ದರೂ ಮಣ್ಣು, ಸಿಪ್ಪೆಯ ನಾರು ಹೋಗಲು ಬೆಲ್ಲವನ್ನು ಸೋಸಿಯೇ ಬಳಸಬೇಕಲ್ಲ. ಹುಳಿ ವಾಸನೆ, ಹೆಂಡದ ವಾಸನೆ ಬಂದಿದ್ದರೆ, ಮೇಲೆ ನೊರೆ ಕಂಡರೆ, ಬೂಷ್ಟು ಹಿಡಿದಿದ್ದರೆ ಮಾತ್ರ ಎಸೆಯಿರಿ. ಒಣ ಬೆಲ್ಲದಲ್ಲಿ ಸೂಕ್ಷ್ಮಜೀವಿಗಳಿಗೆ ಕುಡಿಯಲು ನೀರು ಸಿಗುವುದಿಲ್ಲ, ಆದ್ದರಿಂದ ಅವು ಬೆಳೆಯವು. ಮೇಲ್ಮೈ ಕರಗಿ ಪಾಕ ತೆಳುವಾದಾಗ ಯೀಸ್ಟಿಗೂ ಬೂಷ್ಟಿಗೂ ಬಾಗಿಲು ತೆರೆಯುತ್ತದೆ. ಹುಳಿಯಾದದ್ದನ್ನು ಕುದಿಸಿ ಸರಿಮಾಡಲು ಹೋಗಬೇಡಿ.

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆಯವರು ಗಟ್ಟಿ ಬೆಲ್ಲದ ಈ ಗೋಳನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿದ್ದಾರೆ. ನೀರನ್ನು ಎಳೆದುಕೊಳ್ಳುವ ವಸ್ತುವನ್ನು ಮಳೆನಾಡಿನಲ್ಲಿ ಗಟ್ಟಿಯಾಗಿ ಇಡುವ ಹಟವೇ ಬೇಡ ಎಂದು ಅವರು ಜೋನಿಬೆಲ್ಲವನ್ನೇ ಮನೆಯ ಬೆಲ್ಲ ಮಾಡಿಕೊಂಡರು. ದೋಸೆಗೂ ಅದೇ, ತೊಡೆದೇವಿಗೂ ಅದೇ, ನೆಂಟರು ಬಂದರೆ ನೀರಿನ ಜೊತೆಗೂ ಅದೇ. ಮಳೆಗಾಲಕ್ಕೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ಅದಕ್ಕೂ ತನ್ನದೇ ಹದವಿದೆ. ನೀರಾದರೆ ಹುಳಿ ಬರುತ್ತದೆ, ಹೆಚ್ಚು ಕಾದರೆ ಡಬ್ಬದ ತಳದಲ್ಲಿ ಸಕ್ಕರೆಯ ಹರಳು ಕಟ್ಟುತ್ತದೆ. ತಳದಲ್ಲಿ ಹರಳು ಕಂಡರೆ ಸಕ್ಕರೆ ಬೆರೆಸಿದ್ದಾರೆಂದು ಅನುಮಾನಿಸುವವರಿದ್ದಾರೆ. ಅದೊಂದೇ ಅದಕ್ಕೆ ಸಾಕ್ಷಿಯಲ್ಲ. ಗಟ್ಟಿ ಹದಕ್ಕೆ ಕಾಯಿಸಿದ ಅಪ್ಪಟ ಜೋನಿಬೆಲ್ಲವೂ ಹರಳು ಕಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಒದ್ದೆ ಚಮಚ ಮಾತ್ರ ಅದರೊಳಗೆ ಇಳಿಯಕೂಡದು.

ಸಂಕ್ರಾಂತಿಯ ಎಳ್ಳುಬೆಲ್ಲಕ್ಕೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ಅಚ್ಚುಬೆಲ್ಲವನ್ನು ಸಣ್ಣಗೆ ಕತ್ತರಿಸಿ, ಅದೇ ದಿನ ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ, ಎಳ್ಳಿನ ಜೊತೆ ಬೆರೆಸಿದರೆ ಎಲ್ಲವೂ ಮುದ್ದೆಯಾಗುತ್ತದೆ. ಕತ್ತರಿಸಿದ ಹೊಸ ಮೈಗಳಲ್ಲಿ ಇನ್ನೂ ತೇವವಿರುತ್ತದೆ. ಚೂರುಗಳನ್ನು ಬಟ್ಟೆಯ ಮೇಲೆ ಹರಡಿ ಎರಡು ಮೂರು ದಿನ ಬಿಸಿಲು ತೋರಿಸಿದರೆ ಪ್ರತಿ ಚೂರಿನ ಮೇಲೂ ಒಣ ಹರಳಿನ ಪೊರೆ ಕಟ್ಟುತ್ತದೆ. ಬ್ರೌನ್ ಶುಗರನ್ನು ಕಲ್ಲು ಮಾಡುವ ಅದೇ ಕ್ರಿಯೆ ಇಲ್ಲಿ ನಮಗೆ ಬೇಕಾದದ್ದನ್ನು ಮಾಡಿಕೊಡುತ್ತದೆ. ಕೊಬ್ಬರಿ ಚೂರನ್ನೂ ಹಾಗೆಯೇ ಒಣಗಿಸಬೇಕು, ಹುರಿದದ್ದೆಲ್ಲ ಪೂರ್ತಿ ಆರಿದ ಮೇಲೆಯೇ ಬೆಲ್ಲ ಸೇರಬೇಕು. ಇಲ್ಲದಿದ್ದರೆ ಅವುಗಳ ತೇವ, ಶಾಖವನ್ನೆಲ್ಲ ಬೆಲ್ಲ ಎಳೆದುಕೊಳ್ಳುತ್ತದೆ.

ಕೊನೆಗೆ ಕೊಳ್ಳುವ ಮಾತು. ಗಟ್ಟಿಯಾದ, ಹಳದಿಯಾಗಿ ಹೊಳೆಯುವ ಬೆಲ್ಲವೇ ಚೆನ್ನಾಗಿ ಬಾಳುತ್ತದೆ ಎಂಬ ನಂಬಿಕೆ ನಮ್ಮ ಪೇಟೆಗಳಲ್ಲಿ ಬೇರುಬಿಟ್ಟಿದೆ. ಆ ಬಣ್ಣಕ್ಕಾಗಿ ಆಲೆಮನೆಗಳಲ್ಲಿ ಹೈಡ್ರೋಸ್ ಎನ್ನುವ ಗಂಧಕದ ರಾಸಾಯನಿಕ ಸುರಿಯುತ್ತಾರೆ, ಆ ಗಟ್ಟಿತನಕ್ಕಾಗಿ ಅಗ್ಗದ ಸಕ್ಕರೆ ಬೆರೆಸುವವರೂ ಇದ್ದಾರೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಒಂದು ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ. ಕೈಯಳತೆಯಲ್ಲಿ ಸುರಿಯುವಾಗ ಆ ಮಿತಿಯನ್ನು ಯಾರೂ ಅಳೆಯುವುದಿಲ್ಲ. ಹೈಡ್ರೋಸಿನ ಬಣ್ಣ ನಿಲ್ಲುವುದೂ ಇಲ್ಲ, ದಿನ ಕಳೆದಂತೆ ಬೆಲ್ಲ ಮತ್ತೆ ಕಂದಾಗುತ್ತದೆ. ಇಟ್ಟ ಬೆಲ್ಲ ಕಪ್ಪಾಗುವುದು ಅದರ ಸಹಜ ಗುಣ. ನಮ್ಮ ಆಯುರ್ವೇದವಂತೂ ವರ್ಷ ಕಳೆದ ಹಳೆಯ ಬೆಲ್ಲಕ್ಕೇ ಹೆಚ್ಚು ಬೆಲೆ ಕೊಟ್ಟಿದೆ. ಬೆಳ್ಳಗಿನ ಬೆಲ್ಲ ಕೇಳುವುದನ್ನು ಕೊಳ್ಳುವವರು ನಿಲ್ಲಿಸದೆ ಮಾಡುವವರು ನಿಲ್ಲಿಸುವುದಿಲ್ಲ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ, ಗಾಳಿ ಒಣಗಿರುವಾಗ, ಕಂದು ಬಣ್ಣದ ಹೊಸ ಬೆಲ್ಲ ಕೊಳ್ಳಿ. ಬೆರಳಿನಿಂದ ಒತ್ತಿದರೆ ಕುಸಿಯಬಾರದು, ಮುರಿದಾಗ ಒಳಗೆ ಸಣ್ಣ ಹರಳು ಮಿನುಗಬೇಕು, ನಾಲಿಗೆಗೆ ಉಪ್ಪು ಹತ್ತಬಾರದು. ಮಳೆ ಹಿಡಿಯುವ ಮೊದಲೇ, ಒಣ ಹಗಲಿನಲ್ಲಿ, ನಾಲ್ಕು ತಿಂಗಳಿಗೆ ಬೇಕಾದಷ್ಟನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿಯಿರಿ.